ಎರವಲು ಕೊಟ್ಟ ಕುದುರೆ ವಾಪಸ್ ಬರದಿದ್ದರೆ ಏನು ಮಾಡಬೇಕು?

ನಮ್ಮ ಕಾಕಾ ಯಲಬುರ್ಗಾ ತಾಲ್ಲೂಕಿನ ಹಳ್ಳಿಯವರು. ಮದುವೆ ಮೆರವಣಿಗೆಗೆ ಅಂತ ಒಂದು ಬಿಳಿ ಹೆಣ್ಣುಕುದುರೆ ಸಾಕಿದ್ದರು. ಒಂದು ಬೇಸಿಗೆಯಲ್ಲಿ ಮೇವು ಮುಗಿಯಿತು, ಕಣಕಿ ಬಣವೆ ಖಾಲಿಯಾಯಿತು. ಗಂಗಾವತಿ ಕಡೆಯ ಪರಿಚಯದವರೊಬ್ಬರು, ‘ಪಂಚಮಿ ತನಕ ನನ್ನ ಹತ್ರ ಇರ್ಲಿ ಕಾಕಾ. ಮೇವು ನಾ ಹಾಕ್ತೀನಿ, ನಡುವ ಒಂದೆರಡು ಮೆರವಣಿಗಿಗೆ ಒಯ್ತೀನಿ’ ಎಂದರು. ಕಾಕಾ ಹಗ್ಗ ಬಿಚ್ಚಿ ಕೈಗೆ ಕೊಟ್ಟರು.

ಪಂಚಮಿ ಹೋಯಿತು, ದಸರಾ ಹೋಯಿತು. ಫೋನ್ ಮಾಡಿದಾಗಲೆಲ್ಲ ‘ನಾಳೆ ಕಳಿಸ್ತೀನಿ’. ದೀಪಾವಳಿಗೆ ಮಾತು ಬದಲಾಯಿತು. ‘ಇಷ್ಟು ದಿನ ಮೇವು ಹಾಕೀನಿ, ಇಪ್ಪತ್ತು ಸಾವಿರ ಕೊಟ್ಟು ಒಯ್ರಿ.’ ಕುದುರೆ ಕೊನೆಗೂ ಬಂತು. ಆದರೆ ಅದಕ್ಕೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಯಾಕೆ ಅಷ್ಟು ತಡ? ಕಾಕಾ ಹತ್ತು ಸಲ ಕೇಳಿದ್ದರು, ಒಂದು ಸಲವೂ ಕಾಗದದ ಮೇಲೆ ಕೇಳಿರಲಿಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮೆರವಣಿಗೆಗೆ ಕುದುರೆ ಸಾಕಿದವರಿದ್ದಾರೆ, ಹೇರು ಹೊರಲು ಕುದುರೆ ಇಟ್ಟುಕೊಂಡ ಕುರಿಗಾರರಿದ್ದಾರೆ. ಅವರಿಗೆ ಈ ತೊಂದರೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕುದುರೆಯನ್ನು ನೋಡಿ ಬನ್ನಿ

ಜಗಳ ಆಮೇಲೆ. ಮೊದಲು ಕುದುರೆ ಎಲ್ಲಿದೆ, ಹೇಗಿದೆ ಅಂತ ನೋಡಬೇಕು. ಹಗಲಲ್ಲಿ ಹೋಗಿ. ಜೊತೆಗೆ ಇಬ್ಬರು ಸಮಾಧಾನದ ಮನುಷ್ಯರು ಇರಲಿ. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿವೆಯಾ? ಬೆನ್ನ ಮೇಲೆ ಜೀನು ಉಜ್ಜಿದ ಗಾಯ ಇದೆಯಾ? ಕುಂಟುತ್ತಿದೆಯಾ? ಗೊರಸು ಬೆಳೆದು ಒಡೆದಿವೆಯಾ? ಎಲ್ಲದರ ಫೋಟೊ ತೆಗೆಯಿರಿ. ಒಂದು ನಿಮಿಷ ನಡೆಸಿ ವಿಡಿಯೊ ಮಾಡಿಕೊಳ್ಳಿ.

ಸ್ಥಿತಿ ಕೆಟ್ಟಿದ್ದರೆ ಅಲ್ಲಿಂದಲೇ 1962ಕ್ಕೆ ಕರೆ ಮಾಡಿ. ಅದು ಪಶುಸಂಗೋಪನಾ ಇಲಾಖೆಯ ಆಂಬುಲೆನ್ಸ್ ಸಹಾಯವಾಣಿ. ಇಲ್ಲವೇ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ, ಅವರು ಕಂಡದ್ದನ್ನು ಬರೆಸಿಕೊಳ್ಳಿ. ಮುಂದೆ ಠಾಣೆಗೆ ಹೋದರೂ ಕೋರ್ಟಿಗೆ ಹೋದರೂ ನಿಮ್ಮ ನೂರು ಮಾತಿಗಿಂತ ಆ ಒಂದು ಹಾಳೆಗೆ ಬೆಲೆ ಜಾಸ್ತಿ. ಹೊಟ್ಟೆಗೆ ಹಾಕದೆ ಕಟ್ಟಿಹಾಕುವುದು, ಗಾಯದ ಮೇಲೆ ಜೀನು ಬಿಗಿದು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದನ್ನು ಯಾರು ಬೇಕಾದರೂ ದೂರಬಹುದು.

ಒಂದು ಮಾತು. ರಾತ್ರಿ ಹೋಗಿ ಹಗ್ಗ ಬಿಚ್ಚಿಕೊಂಡು ಬರಬೇಡಿ. ಕುದುರೆ ನಿಮ್ಮದೇ ಇರಬಹುದು, ಆದರೆ ದೊಡ್ಡಿ ಅವರದು. ಅತಿಕ್ರಮ ಪ್ರವೇಶದ ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಕುದುರೆ ನಿಮ್ಮದು ಅನ್ನುವುದಕ್ಕೆ ಗುರುತು

ಸಂತೆಯಲ್ಲಿ ಕೊಂಡ ಚೀಟಿ, ಲಸಿಕೆ ಹಾಕಿಸಿದ ದಾಖಲೆ, ಹಳೆಯ ಫೋಟೊ, ಏನಿದೆಯೋ ಎಲ್ಲ ಒಂದು ಕಡೆ ಸೇರಿಸಿ. ಚೀಟಿ ಇಲ್ಲದವರೇ ಜಾಸ್ತಿ ಅಂತ ಗೊತ್ತು. ಅಂಥವರಿಗೆ ಸುಳಿಯೇ ಆಧಾರ. ನಮ್ಮ ಕಡೆ ಸುಳಿ ನೋಡದೆ ಕುದುರೆ ಕೊಳ್ಳುವುದಿಲ್ಲ, ಅಲ್ವಾ? ಅದು ಬರೀ ಶಕುನಕ್ಕಲ್ಲ. ಹಣೆ, ಕುತ್ತಿಗೆ, ಎದೆಯ ಸುಳಿಗಳು ಒಂದು ಕುದುರೆಯಂತೆ ಇನ್ನೊಂದಕ್ಕೆ ಇರುವುದಿಲ್ಲ. ಪಶುವೈದ್ಯರೂ ಗುರುತಿನ ಪತ್ರದಲ್ಲಿ ಅವನ್ನೇ ಬರೆಯುತ್ತಾರೆ. ಮುಖದ ಬಿಳಿ ಪಟ್ಟೆ, ಯಾವ ಕಾಲು ಎಲ್ಲಿಯ ತನಕ ಬಿಳಿ, ಹಳೆಯ ಗಾಯದ ಕಲೆ, ಇವನ್ನೂ ಬರೆದಿಡಿ. ಲಾಳ ಹೊಡೆಯುವವರು, ನೆರೆಮನೆಯವರು ಸಾಕ್ಷಿ ಹೇಳಬಲ್ಲರು.

ಕೊಟ್ಟಿದ್ದು ಯಾವ ಲೆಕ್ಕದಲ್ಲಿ?

ಸುಮ್ನೆ ಎರವಲು ಕೊಟ್ಟಿರಾ? ಬಾಡಿಗೆಗಾ? ಪಾಲಿಗಾ? ಇದನ್ನು ನಿಮಗೆ ನೀವೇ ಕೇಳಿಕೊಳ್ಳಿ. ಉತ್ತರದ ಮೇಲೆ ನಿಮ್ಮ ಹಕ್ಕು ನಿಂತಿದೆ.

ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿ ಇರುವುದನ್ನು ವಕೀಲರು ಬೇಲ್‌ಮೆಂಟ್ ಅನ್ನುತ್ತಾರೆ. ಅದರ ನಿಯಮ ಇರುವುದು 1872ರ ಭಾರತೀಯ ಒಪ್ಪಂದ ಕಾಯ್ದೆಯಲ್ಲಿ, 148ನೇ ಸೆಕ್ಷನ್‌ನಿಂದ ಮುಂದೆ. ನಾನು ಇದನ್ನು ಮೊದಲ ಸಲ ಓದಿದಾಗ ಬೆರಗಾದೆ. ಕಾಯ್ದೆ ಬರೆದ ಕಾಲಕ್ಕೆ ಕುದುರೆ ಸವಾರಿ ಸಾಮಾನ್ಯವಾಗಿತ್ತು, ಹಾಗಾಗಿಯೋ ಏನೋ ಉದಾಹರಣೆಗಳಲ್ಲಿ ಮತ್ತೆ ಮತ್ತೆ ಕುದುರೆ ಬರುತ್ತದೆ. ಸವಾರಿಗೆ ಅಂತ ಬಾಡಿಗೆ ಪಡೆದ ಕುದುರೆಯನ್ನು ಗಾಡಿಗೆ ಹೂಡಿದರೆ, ಮಾಲೀಕ ಬಯಸಿದರೆ ಒಪ್ಪಂದ ಅಲ್ಲಿಗೇ ಮುಗಿಯಿತು (ಸೆಕ್ಷನ್ 153). ನೀನೊಬ್ಬನೇ ಹತ್ತು ಅಂತ ಕೊಟ್ಟ ಕುದುರೆಗೆ ಮನೆಯ ಇನ್ನೊಬ್ಬರನ್ನು ಹತ್ತಿಸಿ, ಅದು ಎಡವಿ ಬಿದ್ದು ಪೆಟ್ಟಾದರೆ, ಎಷ್ಟೇ ಜೋಪಾನದಿಂದ ನಡೆಸಿದ್ದರೂ ಪರಿಹಾರ ಕೊಡಬೇಕು (154).

ಬಾಡಿಗೆ ಇಲ್ಲದ ಎರವಲಾದರೆ, ಅವಧಿ ಮುಗಿಯುವ ಮೊದಲೇ ನೀವು ವಾಪಸ್ ಕೇಳಬಹುದು (159). ಆದರೆ ಆ ಅವಧಿ ನಂಬಿ ಅವರು ಏನಾದರೂ ಮಾಡಿಕೊಂಡಿದ್ದು, ನಡುವೆ ಕಿತ್ತುಕೊಂಡಿದ್ದರಿಂದ ಅವರಿಗೆ ಸಿಕ್ಕ ಲಾಭಕ್ಕಿಂತ ನಷ್ಟ ಜಾಸ್ತಿಯಾದರೆ, ಹೆಚ್ಚಾದಷ್ಟನ್ನು ನೀವು ತುಂಬಿಕೊಡಬೇಕು. ಹೇಳಿದ ದಿನ ಮುಗಿದಿದ್ದರೆ ನೀವು ಕೇಳುವ ಅಗತ್ಯವೇ ಇಲ್ಲ, ಅವರೇ ತಂದುಕೊಡಬೇಕು (160). ಆ ದಿನ ದಾಟಿದ ಮೇಲೆ ಅವರ ತಪ್ಪಿನಿಂದ ತಡವಾಗಿ ಕುದುರೆಗೆ ಏನಾದರೂ ಆದರೆ ಹೊಣೆ ಅವರದೇ (161).

ಕಾಯ್ದೆ ಮಾಲೀಕರನ್ನೂ ಬಿಟ್ಟಿಲ್ಲ. ಒದೆಯುವ, ಬೆದರಿ ಓಡುವ ಕುದುರೆಯನ್ನು ಹೇಳದೆ ಕೊಟ್ಟು, ಹತ್ತಿದವರು ಬಿದ್ದು ಗಾಯವಾದರೆ ನೀವೇ ಜವಾಬ್ದಾರರು (150). ಅಂಥದ್ದೇನಾದರೂ ನಡೆದಿದ್ದರೆ ಅದನ್ನು ಮುಚ್ಚಿಟ್ಟು ಜಗಳಕ್ಕೆ ಇಳಿಯಬೇಡಿ.

ಹಿರಿಯರ ಮಾತು, ಆಮೇಲೆ ನೋಟಿಸ್

ಊರ ಹಿರಿಯರನ್ನು ಕೂಡಿಸಿ ಮಾತಾಡುವುದು ಒಳ್ಳೆಯ ದಾರಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತವೆ. ಆದರೆ ಏನು ತೀರ್ಮಾನ ಆಯಿತೋ ಅದನ್ನು ತಾರೀಖು ಹಾಕಿ ಬರೆದು ಎಲ್ಲರ ಸಹಿ ಹಾಕಿಸಿ. ಬರೀ ಮಾತಾದರೆ ಮುಂದಿನ ಅಮಾವಾಸ್ಯೆಗೆ ಮತ್ತೆ ಅಲ್ಲೇ ಕೂರಬೇಕಾಗುತ್ತದೆ.

ಮಾತು ಮುರಿದರೆ ನೋಟಿಸ್ ಕಳಿಸಿ. ವಕೀಲರಿಂದ ಕಳಿಸಿದರೆ ತೂಕ ಹೆಚ್ಚು. ನೀವೇ ಬರೆದರೂ ನಡೆಯುತ್ತದೆ. ‘ನನ್ನ ಇಂಥ ಗುರುತಿನ ಕುದುರೆಯನ್ನು ಇಂಥ ದಿನ, ಇಂಥವರ ಎದುರು, ಪಂಚಮಿ ತನಕ ಅಂತ ನಿಮಗೆ ಕೊಟ್ಟಿದ್ದೆ. ಅವಧಿ ಮುಗಿದಿದೆ. ಈ ಪತ್ರ ತಲುಪಿದ 15 ದಿನದೊಳಗೆ ಒಪ್ಪಿಸಿ. ಅಲ್ಲಿಯ ತನಕ ಅದನ್ನು ಯಾರಿಗೂ ಕೊಡಬೇಡಿ, ಮಾರಬೇಡಿ, ಮೆರವಣಿಗೆಗೆ ಒಯ್ಯಬೇಡಿ.’ ಇಷ್ಟು ಸಾಕು. ಬೈಗುಳ ಬೇಡ. ಅಂಚೆಯಲ್ಲಿ ತಲುಪಿದ್ದಕ್ಕೆ ರುಜುವಾತು ಸಿಗುವ ಹಾಗೆ ಕಳಿಸಿ, ರಸೀದಿ ಜೋಪಾನ ಮಾಡಿ. ಅದೇ ಮಾತನ್ನು ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. ಹಳೆಯ ಮೆಸೇಜ್ ಅಳಿಸಬೇಡಿ, ಆ ಫೋನ್ ಮಾರಬೇಡಿ.

ನಾನು ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಇಟ್ಟುಕೊಳ್ಳಲು ಕೊಟ್ಟ ವಸ್ತುವಿಗೆ ದಾವೆ ಹಾಕಲು 3 ವರ್ಷದ ಗಡುವು. ಅದರ ಎಣಿಕೆ ಶುರುವಾಗುವುದು ನೀವು ಕೇಳಿ, ಅವರು ಇಲ್ಲ ಅಂದ ದಿನದಿಂದ. ಆ ದಿನ ಯಾವುದು ಅಂತ ತೋರಿಸಲು ಕಾಕಾನ ಹತ್ತಿರ ಏನೂ ಇರಲಿಲ್ಲ.

ಮೇವಿನ ಲೆಕ್ಕ

ಹೆಚ್ಚು ಕುದುರೆಗಳು ಸಿಕ್ಕಿಬೀಳುವುದು ಇಲ್ಲೇ. ಅವರು ತಮ್ಮ ಉಪಯೋಗಕ್ಕೆ ಒಯ್ದಿದ್ದರೆ, ಮೇವು ನಾ ಹಾಕ್ತೀನಿ ಅಂದಿದ್ದರೆ, ಆ ಖರ್ಚು ಅವರದು. ನಿಮ್ಮ ಅನುಕೂಲಕ್ಕೆ ಅವರು ಪುಕ್ಕಟೆ ನೋಡಿಕೊಂಡಿದ್ದರೆ ಅಗತ್ಯದ ಖರ್ಚನ್ನು ನೀವು ಕೊಡಬೇಕು (158). ನನ್ನ ಸಲಹೆ ಏನೆಂದರೆ, ಔಷಧದ ಬಿಲ್, ಲಾಳದ ಖರ್ಚು ತೋರಿಸಿದರೆ ಕೊಟ್ಟುಬಿಡಿ, ರಸೀದಿ ಪಡೆಯಿರಿ. ಮೇವಿನ ಮೊತ್ತ ಸರಿ ಅನ್ನಿಸದಿದ್ದರೆ ‘ತಕರಾರು ಉಳಿಸಿಕೊಂಡು ಕೊಟ್ಟಿದ್ದೇನೆ’ ಅಂತ ಬರೆದು ಕೊಡಿ. ಮೊದಲು ಕುದುರೆ ಮನೆಗೆ ಬರಲಿ. ಲೆಕ್ಕ ಕಾಯಬಹುದು, ಹಸಿದ ಹೊಟ್ಟೆ ಕಾಯುವುದಿಲ್ಲ.

ಠಾಣೆ ಮತ್ತು ಕೋರ್ಟು

ವಾಪಸ್ ಕೊಡಲು ತಡಮಾಡಿದ ಮಾತ್ರಕ್ಕೆ ಅದು ಅಪರಾಧ ಆಗುವುದಿಲ್ಲ. ಮೋಸದ ಮನಸ್ಸು ಇರಬೇಕು. ಕುದುರೆ ಮಾರಿದ್ದಾರೆ, ಬಚ್ಚಿಟ್ಟಿದ್ದಾರೆ, ‘ನೀವು ಕೊಟ್ಟೇ ಇಲ್ಲ’ ಅನ್ನುತ್ತಿದ್ದಾರೆ ಅಂದರೆ ಅದು ನಂಬಿಕೆ ದ್ರೋಹ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಶಿಕ್ಷೆ ಆಗಬಹುದು. ದೂರನ್ನು ಬರೆದೇ ಕೊಡಿ, ಫೋಟೊ ಮತ್ತು ನೋಟಿಸ್ ಪ್ರತಿ ಲಗತ್ತಿಸಿ. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಪೊಲೀಸರು ಕುದುರೆಯನ್ನು ಜಪ್ತಿ ಮಾಡಿದರೆ ಸುಮ್ಮನೆ ಕೂರಬೇಡಿ. ಕೇಸು ಮುಗಿಯುವ ತನಕ ನನ್ನ ವಶಕ್ಕೆ ಕೊಡಿ ಅಂತ ಮ್ಯಾಜಿಸ್ಟ್ರೇಟರ ಮುಂದೆ ಬೇಗ ಅರ್ಜಿ ಹಾಕಿಸಿ.

ಬೇರೆಯವರಿಗೆ ಮಾರಿದ್ದರೆ ಕೊಂಡವರಿಗೂ ನೋಟಿಸ್ ಕೊಡಿ. ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡವರಿಗೆ ಸಾಮಾನ್ಯವಾಗಿ ಹಕ್ಕು ಬರುವುದಿಲ್ಲ.

ಸಿವಿಲ್ ದಾವೆಯಲ್ಲಿ ಅದೇ ಕುದುರೆ ಬೇಕು ಅಂತ ಕೇಳಬಹುದು, ತೀರ್ಪು ಬರುವ ತನಕ ಮಾರದಂತೆ ತಡೆಯಾಜ್ಞೆಯನ್ನೂ ಕೇಳಬಹುದು. ಅದಕ್ಕೂ ಮೊದಲು ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ನೋಡಿ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರೂ ಪುಕ್ಕಟೆ. ಸಹಾಯವಾಣಿ 15100. ಕಾಕಾನ ಕುದುರೆ ಬಂದಿದ್ದು ಈ ದಾರಿಯಲ್ಲೇ.

ಕರೆತರುವ ದಿನ

ಬೆಳಗಿನ ಜಾವವೇ ಹೊರಡಿ. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಟೆಂಪೊದಲ್ಲಿ ಕುದುರೆ ನಿಲ್ಲಿಸುವುದು ಹಿಂಸೆ. ಕೆಳಗೆ ಹುಲ್ಲು ಹಾಸಿ, ಕುಡಿಯಲು ನೀರು ಒಯ್ಯಿರಿ. ಒಪ್ಪಿಸಿದ ಜಾಗದಲ್ಲೇ ಇಬ್ಬರೂ ಸಹಿ ಮಾಡಿ, ಕುದುರೆಗೆ ಏನೇನು ಗಾಯ ಇದೆ ಅಂತಲೂ ಅದರಲ್ಲೇ ಬರೆಯಿರಿ. ಗಾಯ ಇದ್ದರೆ ಅವತ್ತೇ ಧನುರ್ವಾಯು ಚುಚ್ಚುಮದ್ದು ಹಾಕಿಸಿ. ಕುದುರೆಗೆ ಆ ರೋಗ ಬಹಳ ಬೇಗ ತಗಲುತ್ತದೆ. ಮನೆಯಲ್ಲಿ ಬೇರೆ ಕುದುರೆ ಇದ್ದರೆ ಎರಡು ಮೂರು ವಾರ ದೂರ ಕಟ್ಟಿ. ಮೂಗಿನಿಂದ ಗಟ್ಟಿ ಸಿಂಬಳ, ಮೈಮೇಲೆ ಗಂಟು ಕಂಡರೆ ಕೂಡಲೇ ಪಶುವೈದ್ಯರಿಗೆ ಹೇಳಿ. ಗ್ಲಾಂಡರ್ಸ್ ಅನ್ನುವ ರೋಗ ಆಗಿದ್ದರೆ ಅದು ಮನುಷ್ಯರಿಗೂ ಬರುತ್ತದೆ.

ನಮ್ಮ ಬಿಳಿ ಕುದುರೆ ಬರುವಾಗ ಗಬ್ಬವಾಗಿತ್ತು. ಮರಿ ಹುಟ್ಟಿದ ಸುದ್ದಿ ಕೇಳಿ ಗಂಗಾವತಿಯಿಂದ ಫೋನ್ ಬಂತು, ‘ಅದರಾಗ ನನ್ನ ಪಾಲು ಐತಿ’ ಅಂತ. ಪಾಲಿಗೆ ಕೊಟ್ಟಿದ್ದರೆ ಆ ಮಾತು ನಡೆಯುತ್ತಿತ್ತು. ಹಾಗೆ ಮಾತಾಗದಿದ್ದರೆ, ಅವರ ಹತ್ತಿರ ಇದ್ದಾಗ ಹುಟ್ಟಿದ ಮರಿಯೂ ತಾಯಿಯ ಮಾಲೀಕರಿಗೇ ಸೇರುತ್ತದೆ (163). ಕಾಯ್ದೆ ಅದಕ್ಕೆ ಕೊಟ್ಟ ಉದಾಹರಣೆ ಹಸು ಮತ್ತು ಕರುವಿನದು. ಕಾಕಾನ ಹತ್ತಿರ ಈ ಸಲ ಇಬ್ಬರೂ ಸಹಿ ಹಾಕಿದ ರಾಜಿ ಕಾಗದ ಇತ್ತು, ಪಾಲಿನ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರು. ಮತ್ತೆ ಫೋನ್ ಬರಲಿಲ್ಲ.