ಪೂರ್ತಿ ಸ್ಟ್ಯಾಟಿಕ್ ಬೇಡ, ಬೇಕಾದಷ್ಟೇ ಸಾಕು

ನನ್ನ ಒಂದು ಕಮಾಂಡ್‌ಲೈನ್ ಟೂಲ್‌ಗೆ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ ಲೈಬ್ರರಿ) ಮತ್ತು ಝಡ್‌ಲಿಬ್ (ಕಂಪ್ರೆಷನ್ ಲೈಬ್ರರಿ) ಬೇಕು. ಹಳೆ ಲಿನಕ್ಸ್‌ನಲ್ಲಿ ಬಿಲ್ಡ್ ಮಾಡಿದ್ದನ್ನು ಹೊಸದಕ್ಕೆ ಒಯ್ದರೆ ಶುರುವೇ ಆಗುತ್ತಿರಲಿಲ್ಲ. ಅದು ಹುಡುಕುವುದು ಓಪನ್‌ಎಸ್‌ಎಸ್‌ಎಲ್‌ನ ಲಿಬ್‌ಎಸ್‌ಎಸ್‌ಎಲ್ ಫೈಲ್‌ನ ವರ್ಷನ್ 1.1, ಅಲ್ಲಿರುವುದು 3. ಹಾಗಾಗಿ ಇವೆರಡು ಲೈಬ್ರರಿಗಳನ್ನೂ ಪ್ರೋಗ್ರಾಮಿನೊಳಗೇ ಸೇರಿಸಿದೆ. ಇದಕ್ಕೇ ಸ್ಟ್ಯಾಟಿಕ್ ಲಿಂಕಿಂಗ್ ಅನ್ನುವುದು.

ಜಿಸಿಸಿ ಕಂಪೈಲರ್‌ಗೆ ‘-ಸ್ಟ್ಯಾಟಿಕ್’ ಅಂತ ಕೊಟ್ಟು ಎಲ್ಲವನ್ನೂ ಒಂದೇ ಏಟಿಗೆ ಮುಗಿಸಬಹುದಲ್ವಾ? ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಸಿ ಲೈಬ್ರರಿ ಜಿಲಿಬ್‌ಸಿ ಅದಕ್ಕೆ ಒಗ್ಗುವುದಿಲ್ಲ. ಹೋಸ್ಟ್ ಹೆಸರಿನಿಂದ ಐಪಿ ಹುಡುಕುವ ಕೋಡ್ ಇದ್ದರೆ ಲಿಂಕರ್ (ಕೋಡ್ ಮತ್ತು ಲೈಬ್ರರಿಗಳನ್ನು ಜೋಡಿಸುವ ಟೂಲ್) ಎಚ್ಚರಿಸುತ್ತದೆ: ಓಡುವಾಗ ಜಿಲಿಬ್‌ಸಿಯ ಅದೇ ವರ್ಷನ್‌ನ ಶೇರ್ಡ್ ಲೈಬ್ರರಿ (ಪ್ರೋಗ್ರಾಮಿನ ಹೊರಗಿರುವ ಫೈಲ್) ಬೇಕು ಅಂತ. ಮತ್ತೆ ಸ್ಟ್ಯಾಟಿಕ್ ಮಾಡಿ ಏನು ಬಂತು? ಪೂರ್ತಿ ಸ್ಟ್ಯಾಟಿಕ್ ಬೇಕೇ ಬೇಕು ಅನ್ನುವವರಿಗೆ ಮಸಲ್ ಎಂಬ ಬೇರೆ ಸಿ ಲೈಬ್ರರಿ ಇದೆ. ನಾನು ಜಿಲಿಬ್‌ಸಿಯನ್ನು ಹೊರಗೇ ಬಿಟ್ಟೆ.

ಮೊದಲು .ಎ ಫೈಲ್‌ಗಳು, ಅಂದರೆ ಸ್ಟ್ಯಾಟಿಕ್ ಲೈಬ್ರರಿಗಳು ಬೇಕು. ಓಪನ್‌ಎಸ್‌ಎಸ್‌ಎಲ್‌ನ ಕಾನ್ಫಿಗ್‌ಗೆ ‘ನೋ-ಶೇರ್ಡ್’ ಕೊಟ್ಟೆ. ಆಟೋಟೂಲ್ಸ್ ಎಂಬ ಬಿಲ್ಡ್ ವ್ಯವಸ್ಥೆಯ ಪ್ರಾಜೆಕ್ಟ್ ಆದರೆ ಸಾಮಾನ್ಯವಾಗಿ ‘--ಡಿಸೇಬಲ್-ಶೇರ್ಡ್’.

.ಎಸ್‌ಒ (ಶೇರ್ಡ್ ಲೈಬ್ರರಿ), .ಎ ಎರಡೂ ಒಂದೇ ಕಡೆ ಇದ್ದರೆ ಲಿಂಕರ್ .ಎಸ್‌ಒ ಎತ್ತಿಕೊಳ್ಳುತ್ತದೆ. ಅದಕ್ಕೇ ‘-ಡಬ್ಲ್ಯೂಎಲ್,-ಬಿಸ್ಟ್ಯಾಟಿಕ್’ ಹಾಕಿ, ಆಮೇಲೆ ಎಸ್‌ಎಸ್‌ಎಲ್, ಕ್ರಿಪ್ಟೊ (ಎರಡೂ ಓಪನ್‌ಎಸ್‌ಎಸ್‌ಎಲ್‌ನವು), ಝಡ್ (ಝಡ್‌ಲಿಬ್) ಬರೆದು, ಕೊನೆಗೆ ‘-ಡಬ್ಲ್ಯೂಎಲ್,-ಬಿಡೈನಾಮಿಕ್’ ಸೇರಿಸಿದೆ. ಈ ಕೊನೆಯದನ್ನು ಬಿಟ್ಟರೆ ಜಿಸಿಸಿ ತಾನಾಗೇ ಸೇರಿಸುವ ಸಿ ಲೈಬ್ರರಿಯನ್ನೂ ಲಿಂಕರ್ ಸ್ಟ್ಯಾಟಿಕ್ ಆಗೇ ಹುಡುಕುತ್ತದೆ. ಹೆಸರುಗಳ ಕ್ರಮವೂ ಮುಖ್ಯ. ಲಿಂಕರ್ ಎಡದಿಂದ ಬಲಕ್ಕೆ ನೋಡುತ್ತದೆ. ಎಸ್‌ಎಸ್‌ಎಲ್‌ಗೆ ಕ್ರಿಪ್ಟೊ ಬೇಕು, ಆದ್ದರಿಂದ ಕ್ರಿಪ್ಟೊ ಅದರ ನಂತರವೇ ಬರಬೇಕು. ಅದಲುಬದಲಾದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಅಂತ ಪುಟಗಟ್ಟಲೆ ಬರುತ್ತದೆ. ಯಾವುದಕ್ಕೆ ಇನ್ನೇನು ಬೇಕು ಅಂತ ತಿಳಿಯಲು ಪಿಕೆಜಿ-ಕಾನ್ಫಿಗ್ ಎಂಬ ಟೂಲ್‌ಗೆ ‘--ಸ್ಟ್ಯಾಟಿಕ್’ ಕೊಟ್ಟು ಕೇಳುತ್ತೇನೆ.

ಬಿಲ್ಡ್ ಆದಮೇಲೆ ‘ರೀಡೆಲ್ಫ್ -ಡಿ’ ಓಡಿಸಿ ‘ನೀಡೆಡ್’ ಸಾಲುಗಳನ್ನು, ಅಂದರೆ ಹೊರಗಿನಿಂದ ಬೇಕಾದ ಲೈಬ್ರರಿಗಳ ಹೆಸರುಗಳನ್ನು ನೋಡುತ್ತೇನೆ. ಅಲ್ಲಿ ಲಿಬ್‌ಎಸ್‌ಎಸ್‌ಎಲ್ ಹೆಸರು ಇರಬಾರದು. ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಕಮಾಂಡ್ ಕೂಡ ಆಗುತ್ತದೆ, ಆದರೆ ಅದು ಕೆಲವೊಮ್ಮೆ ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ನಂಬಿಕೆ ಇಲ್ಲದ ಫೈಲ್‌ಗೆ ಅದು ಬೇಡ.

ಹೊರಗೆ ಬಿಟ್ಟ ಜಿಲಿಬ್‌ಸಿಗೂ ಒಂದು ಷರತ್ತಿದೆ. ಹಳೆಯದರ ಮೇಲೆ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಉಲ್ಟಾ ಗ್ಯಾರಂಟಿ ಇಲ್ಲ. 2021ರಲ್ಲಿ ಬಂದ ಜಿಲಿಬ್‌ಸಿ 2.34ರ ಮೇಲೆ ಬಿಲ್ಡ್ ಮಾಡಿದ್ದು ಅದಕ್ಕಿಂತ ಹಳೆಯದರಲ್ಲಿ ಹಠ ಹಿಡಿಯುತ್ತದೆ. ಅದಕ್ಕೇ ನನ್ನ ಬಿಲ್ಡ್ ನಡೆಯುವುದು ಕೈಗೆ ಸಿಗುವ ಹಳೆ ಲಿನಕ್ಸ್ ಡಿಸ್ಟ್ರೋದ ಕಂಟೇನರ್ ಒಳಗೆ.

ಇನ್ನು ಓಪನ್‌ಎಸ್‌ಎಸ್‌ಎಲ್‌ನ ತಂಟೆ. ಸೆಕ್ಯುರಿಟಿ ಪ್ಯಾಚ್ ಬಂದಾಗ ಸಿಸ್ಟಂ ಅಪ್‌ಡೇಟ್ ನನ್ನ ಟೂಲ್ ಒಳಗಿನ ಪ್ರತಿಯನ್ನು ಮುಟ್ಟುವುದಿಲ್ಲ, ನಾನೇ ಮತ್ತೆ ಬಿಲ್ಡ್ ಮಾಡಬೇಕು. ಸರ್ಟಿಫಿಕೇಟ್ ಎಲ್ಲಿ ಹುಡುಕಬೇಕು ಅನ್ನುವುದೂ ಕಾನ್ಫಿಗ್ ಸಮಯದಲ್ಲೇ ಒಳಗೆ ಕೂತುಬಿಡುತ್ತದೆ. ಏನೂ ಹೇಳದಿದ್ದರೆ ಅದು ಯುಎಸ್‌ಆರ್-ಲೋಕಲ್ ಫೋಲ್ಡರ್ ಕೆಳಗೆ ಹುಡುಕುತ್ತದೆ, ಅಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ‘--ಓಪನ್‌ಎಸ್‌ಎಸ್‌ಎಲ್‌ಡಿರ್’ ಕೊಟ್ಟು ಸಿಸ್ಟಂನ ಜಾಗ ತೋರಿಸಿದೆ. ಡಿಸ್ಟ್ರೋದಿಂದ ಡಿಸ್ಟ್ರೋಗೆ ಆ ಜಾಗ ಬೇರೆ. ಹೊಂದದ ಕಡೆ ‘ಎಸ್‌ಎಸ್‌ಎಲ್_ಸರ್ಟ್_ಫೈಲ್’ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಸರಿಯಾದ ದಾರಿ ಕೊಡುತ್ತೇನೆ.