ಅಡ್ಡಹೆಸರು ಮೊದಲು, ತೊಟ್ಟಿಲು ಆಮೇಲೆ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬ ರೂಢಿ ಇನ್ನೂ ಗಟ್ಟಿಯಾಗಿದೆ. ಕಲಬುರಗಿಗೆ ಸೊಸೆಯಾಗಿ ಬಂದವಳು ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ತವರೂರು ಭಾಲ್ಕಿಗೆ ಹೋಗುತ್ತಾಳೆ. ಹೆರಿಗೆಯಾದ ದಿನ ಆಸ್ಪತ್ರೆಯ ನಮೂನೆಯನ್ನು ಅವಳ ಅಣ್ಣನೋ ತಂದೆಯೋ ತುಂಬುತ್ತಾರೆ. ತಾಯಿಯ ಹೆಸರಿನ ಮುಂದೆ, ಇಪ್ಪತ್ತೈದು ವರ್ಷ ಬಾಯಿಗೆ ರೂಢಿಯಾಗಿದ್ದ ತವರಿನ ಅಡ್ಡಹೆಸರನ್ನೇ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಹೀಗೆಯೇ ಆಯಿತು. ನನ್ನ ಹೆಂಡತಿ ಅಷ್ಟರೊಳಗೆ ಆಧಾರ್‌ನಲ್ಲಿ ನಮ್ಮ ಅಡ್ಡಹೆಸರನ್ನು ಸೇರಿಸಿಕೊಂಡಿದ್ದಳು. ಮಗಳ ಜನನ ಪ್ರಮಾಣಪತ್ರದಲ್ಲಿ ಮಾತ್ರ ಬಿರಾದಾರಳಾಗಿಯೇ ಉಳಿದಳು. ಅದು ಕಣ್ಣಿಗೆ ಬಿದ್ದದ್ದು ಮಗಳನ್ನು ಶಾಲೆಗೆ ಸೇರಿಸುವಾಗ. ಜನನದ ನೋಂದಣಿ ಹೆರಿಗೆಯಾದ ಊರಿನಲ್ಲಿ ಆಗುವುದರಿಂದ ತಿದ್ದುಪಡಿಗೂ ಅಲ್ಲಿಗೇ ಹೋಗಬೇಕು, ಮತ್ತು ನಾವು ಮೂರು ಸಲ ಹೋಗಿಬಂದೆವು.

ಹೀಗಾಗಿ ಮದುವೆಯ ನಂತರದ ಅಡ್ಡಹೆಸರು ಮತ್ತು ಮಗುವಿನ ಹೆಸರು ಎರಡು ಬೇರೆ ವಿಚಾರಗಳೆಂದು ತಿಳಿಯಬಾರದು. ಮೊದಲನೆಯದು ಕುಬಸಕ್ಕಿಂತ ಮುಂಚೆಯೇ ತೀರ್ಮಾನವಾಗಿ ಕಾಗದಕ್ಕೆ ಇಳಿದಿರಬೇಕು.

ಮದುವೆಯಾದ ಹೆಣ್ಣು ಗಂಡನ ಅಡ್ಡಹೆಸರನ್ನು ಇಟ್ಟುಕೊಳ್ಳಲೇಬೇಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರ ಎಲ್ಲವೂ ಹುಟ್ಟುಹೆಸರಿನಲ್ಲಿರುತ್ತವೆ. ಜಾತಿ ಹುಟ್ಟಿನಿಂದ ಬರುವಂಥದ್ದಾದ್ದರಿಂದ ಅಡ್ಡಹೆಸರು ಬದಲಾದರೂ ಜಾತಿ ಪ್ರಮಾಣಪತ್ರ ಬದಲಾಗುವುದಿಲ್ಲ. ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರಿಗೆ ಜಾಗವೇ ಇಲ್ಲ, ಅಲ್ಲಿರುವುದು ತಂದೆಯ ಅಥವಾ ತಾಯಿಯ ಹೆಸರು. ಇಷ್ಟನ್ನೂ ನೋಡಿದರೆ, ನೌಕರಿಯಲ್ಲಿರುವ ಅಥವಾ ನೌಕರಿಗೆ ಓದುತ್ತಿರುವ ಹೆಣ್ಣುಮಗಳು ಹುಟ್ಟುಹೆಸರನ್ನೇ ಉಳಿಸಿಕೊಳ್ಳುವುದು ಲೇಸೆಂದು ನನಗನ್ನಿಸುತ್ತದೆ. ಅತ್ತೆಮನೆಯವರು ಮುನಿಸಿಕೊಂಡರೆ ಮದುವೆಯ ಕರೆಯೋಲೆಯಲ್ಲಿಯೂ ಮನೆಯ ಬಾಗಿಲ ಫಲಕದಲ್ಲಿಯೂ ಮನೆತನದ ಹೆಸರನ್ನು ಧಾರಾಳವಾಗಿ ಬರೆಸಬಹುದು, ಅವುಗಳನ್ನು ಯಾವ ಕಚೇರಿಯೂ ಕೇಳುವುದಿಲ್ಲ.

ಬದಲಿಸುವುದಾದರೆ ಅರ್ಧಕ್ಕೆ ನಿಲ್ಲಿಸಬಾರದು. ಮೊದಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮದುವೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಬೇಕು, ಅದನ್ನು ತೋರಿಸಿ ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್, ಮತದಾರರ ಪಟ್ಟಿ, ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು. ಒಂದು ಅವಕಾಶವನ್ನು ಅಕ್ಷರದೋಷ ತಿದ್ದಿಸುವುದಕ್ಕೆ ಈಗಾಗಲೇ ಕಳೆದುಕೊಂಡವರು ಇನ್ನೊಂದನ್ನು ಬಹಳ ಯೋಚಿಸಿ ಬಳಸಬೇಕು.

ನಮ್ಮ ಕಡೆಯ ಇನ್ನೊಂದು ತೊಡಕು ಬೆಂಗಳೂರಿನ ಕಡೆಯವರಿಗೆ ಅರ್ಥವಾಗುವುದಿಲ್ಲ. ಅಲ್ಲಿಯ ದಾಖಲೆಗಳಲ್ಲಿ ‘ಬಿನ್’, ‘ಕೋಂ’ ಇರುವಲ್ಲಿ ನಮ್ಮ ಪಹಣಿಗಳಲ್ಲಿ ‘ಶರಣಪ್ಪ ತಂದೆ ಬಸಪ್ಪ’, ‘ಕಾಶಿಬಾಯಿ ಗಂಡ ಶರಣಪ್ಪ’ ಎಂದಿರುತ್ತದೆ. ಅರ್ಜಿ ತುಂಬುವ ಹುಡುಗ ಈ ‘ಗಂಡ’ನನ್ನು ಬಿಟ್ಟು ಉಳಿದದ್ದನ್ನು ಒಟ್ಟುಗೂಡಿಸಿದನೆಂದರೆ ಕಾಶಿಬಾಯಿಯ ಹೆಸರೇ ‘ಕಾಶಿಬಾಯಿ ಶರಣಪ್ಪ’ ಎಂದಾಗುತ್ತದೆ, ಮುಂದೆ ಮತ್ತೊಬ್ಬ ಅದಕ್ಕೆ ‘ಪಾಟೀಲ’ ಸೇರಿಸುತ್ತಾನೆ. ಹೆಸರು ಎಲ್ಲಿ ಮುಗಿಯುತ್ತದೆ, ಸಂಬಂಧ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅರ್ಜಿ ತುಂಬುವವರಿಗೆ ಬಾಯಿಬಿಟ್ಟು ಹೇಳಬೇಕು.

ಮಗುವಿಗೆ ಅಡ್ಡಹೆಸರು ಬೇಕೇ ಎಂಬ ಪ್ರಶ್ನೆಯೂ ಈಗ ಮನೆಮನೆಯಲ್ಲಿ ಏಳುತ್ತಿದೆ. ಪಾಟೀಲ, ದೇಶಮುಖ, ಕುಲಕರ್ಣಿ ಎಂಬವು ಹಳೆಯ ಅಧಿಕಾರಗಳ ಗುರುತುಗಳು, ಬಡಿಗೇರ, ಕುಂಬಾರ, ಹೂಗಾರ ಎಂಬವು ಕಸುಬಿನವು, ನಿಂಬರ್ಗಿ, ಜೇವರ್ಗಿ ಎಂಬವು ಊರಿನವು. ಜಾತಿ ತಿಳಿಯದಿರಲೆಂದು ಅಡ್ಡಹೆಸರನ್ನೇ ಬಿಡುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಬರಿಯ ಒಂದೇ ಪದದ ಹೆಸರಿಡಬಾರದು. ನಮ್ಮ ಜಿಲ್ಲೆಗಳಿಂದ ದುಡಿಯಲು ಕೊಲ್ಲಿ ದೇಶಗಳಿಗೆ ಹೋಗುವವರು ಕಡಿಮೆಯಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳಿಗೆ ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಿಂದ ಪ್ರವೇಶ ನಿರಾಕರಿಸಿದೆ. ಅಡ್ಡಹೆಸರಿನ ಜಾಗದಲ್ಲಿ ತಂದೆಯ ಅಥವಾ ತಾಯಿಯ ಹೆಸರನ್ನು ಇಟ್ಟರೆ ಸಾಕು. ತಂದೆ ತೀರಿಕೊಂಡ ಮನೆಗಳಲ್ಲಿ ಈ ತೀರ್ಮಾನ ತಾಯಿಯದೆಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿರುವುದನ್ನು, ದಾಯಾದಿಗಳು ಗಲಾಟೆ ಮಾಡಿದಾಗ ನೆನಪಿಸಬಹುದು.

ಇನ್ನು ಹೆಸರಿನ ಆಯ್ಕೆ. ಪಂಚಾಂಗ ನೋಡುವವರಿಗೆ ಇಪ್ಪತ್ತೇಳು ನಕ್ಷತ್ರಗಳ ನಾಲ್ಕು ನಾಲ್ಕು ಪಾದಗಳಿಂದ 108 ನಾಮಾಕ್ಷರಗಳು ಸಿಗುತ್ತವೆ. ರೋಹಿಣಿಯಲ್ಲಿ ಹುಟ್ಟಿದ ಮಗುವಿಗೆ ಓ, ವಾ, ವಿ, ವು ಬರುವುದರಿಂದ ತೊಂದರೆಯಿಲ್ಲ. ಆರಿದ್ರೆಯ ‘ಙ’, ಹಸ್ತೆಯ ‘ಣ’ ಮತ್ತು ‘ಠ’ ಬಂದರೆ ಏನು ಮಾಡುವುದು? ನಕ್ಷತ್ರನಾಮವನ್ನು ಮಗುವಿನ ಕಿವಿಗೆ ಹೇಳಿ, ವ್ಯವಹಾರನಾಮವನ್ನು ಬೇರೆ ಇಡುವ ಹಳೆಯ ಪದ್ಧತಿಯೇ ಇದಕ್ಕೆ ದಾರಿ. ಕಾಗದಕ್ಕೆ ಹೋಗುವುದು ಮಾತ್ರ ಒಂದೇ ಇರಬೇಕು.

ಹಿರಿಯರ ಹೆಸರಿಡುವವರು ಸೊಸೆಯನ್ನು ಒಮ್ಮೆ ಕೇಳಬೇಕು. ಮಾವನ ಹೆಸರನ್ನು ಬಾಯಿಂದ ಆಡಬಾರದೆಂಬ ಕಟ್ಟಳೆಯಲ್ಲಿ ಬೆಳೆದವಳು, ಮಗನಿಗೆ ಮಾವನ ಹೆಸರು ‘ಸಿದ್ರಾಮಪ್ಪ’ ಎಂದಿಟ್ಟರೆ ಅವನನ್ನು ‘ಅಪ್ಪು’ ಎಂದೇ ಕರೆಯುತ್ತಾಳೆ. ಆ ಹುಡುಗ ಶಾಲೆಯ ಮೊದಲ ದಿನ ಹಾಜರಿ ಕೂಗಿದಾಗ ತನ್ನ ಹೆಸರು ಗುರುತಿಸದೆ ಸುಮ್ಮನೆ ಕುಳಿತಿರುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಟರ್‌ನೆಟ್ಟಿನ ಪಟ್ಟಿಗಳಲ್ಲಿ ಸಿಗುವ ಹೆಸರುಗಳು ಎಲ್ಲ ಊರುಗಳಲ್ಲಿಯೂ ಒಂದೇ ತರಹ ಇವೆ. ಬಸವಕಲ್ಯಾಣದ ನೆಲದವರಾದ ನಾವು ನೀಲಾಂಬಿಕೆ, ಮುಕ್ತಾಯಕ್ಕ, ಅಲ್ಲಮರನ್ನು ಬಿಟ್ಟು ಅಷ್ಟು ದೂರ ಹೋಗಬೇಕಾಗಿಲ್ಲ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನ ಹೆಂಡತಿ ದುಗ್ಗಳೆಯ ಹೆಸರನ್ನು ಈಗ ಯಾರೂ ಇಡುವುದಿಲ್ಲ ಎಂಬುದು ನನಗೆ ಆಶ್ಚರ್ಯ. ಯಾವ ಹೆಸರೇ ಆಗಲಿ, ಬಾಗಿಲಲ್ಲಿ ನಿಂತು ಒಮ್ಮೆ ಕೂಗಿ ನೋಡಬೇಕು. ನಮ್ಮಲ್ಲಿ ಬಸವರಾಜ ಬಸ್ಯಾ ಆಗುತ್ತಾನೆ, ಮಲ್ಲಿಕಾರ್ಜುನ ಮಲ್ಯಾ ಆಗುತ್ತಾನೆ, ಸಿದ್ಧಾರ್ಥನೂ ಒಂದು ವಾರದಲ್ಲಿ ಸಿದ್ಯಾ ಆಗುತ್ತಾನೆ.

ಆಮೇಲೆ ಇಂಗ್ಲಿಷ್ ಅಕ್ಷರಗಳು. ಶರಣಬಸವ ವಿಶ್ವವಿದ್ಯಾಲಯದ ಇಂಗ್ಲಿಷ್ ಹೆಸರಿನಲ್ಲಿ ಆರ್‌ಗೂ ಎನ್‌ಗೂ ನಡುವೆ ‘ಎ’ ಇಲ್ಲ, ಮನೆಯ ಶರಣಬಸಪ್ಪನ ಆಧಾರ್‌ನಲ್ಲಿ ಇರುತ್ತದೆ, ಅವನ ತಮ್ಮ ಹಣಮಂತನದು ನಾಲ್ಕು ದಾಖಲೆಗಳಲ್ಲಿ ನಾಲ್ಕು ಬಗೆಯಾಗಿರುತ್ತದೆ. ಮಹಮ್ಮದ್ ಎಂಬುದನ್ನು ಕೆಲವರು ‘ಎಂಡಿ’ ಎಂದು ಚುಟುಕಾಗಿ ಬರೆಸುತ್ತಾರೆ. ಮೊದಲ ಪ್ರಮಾಣಪತ್ರದಲ್ಲಿಯೇ ಪೂರ್ತಿ ಬರೆಸುವುದು ಒಳ್ಳೆಯದು.

ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರಿಲ್ಲದೆಯೂ ಅದು ಆಗುತ್ತದೆ. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡವಾದ ಶುಲ್ಕ ಕೊಟ್ಟು ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಯಾರಾದರೂ ಅವಸರಪಡಿಸಿದರೆ ಹೆಸರಿನ ಜಾಗವನ್ನು ಖಾಲಿ ಬಿಡುವುದೇ ಸರಿ. ತೊಟ್ಟಿಲು ಹಾಕಿ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿ, ನಾಲ್ಕು ದಿನ ಕರೆದು ನೋಡಿದ ಮೇಲೆ ಸೇರಿಸಿದರಾಯಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರವಾದ್ದರಿಂದ ಇದರ ತೂಕ ಹೆಚ್ಚಿದೆ. ತಪ್ಪಾದರೆ ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ಬರೆಯುತ್ತಾರೆ. ನಮ್ಮ ಮಗಳ ಪುಟದಲ್ಲಿ ಬಿರಾದಾರ ಈಗಲೂ ಇದ್ದಾಳೆ, ಪಕ್ಕದಲ್ಲಿ ತಿದ್ದುಪಡಿಯ ಸಾಲಿನೊಂದಿಗೆ.

ಎರಡನೆಯ ಹೆರಿಗೆಯ ಹೊತ್ತಿಗೆ ನಾನು ಒಂದು ಚೀಟಿಯಲ್ಲಿ ತಾಯಿ ತಂದೆಯರ ಹೆಸರುಗಳನ್ನು ಆಧಾರ್‌ನಲ್ಲಿರುವಂತೆಯೇ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ದಪ್ಪಕ್ಷರದಲ್ಲಿ ಬರೆದು, ಎರಡು ಆಧಾರ್ ಪ್ರತಿಗಳಿಗೆ ಟಾಚಣಿ ಚುಚ್ಚಿ, ಹೆಂಡತಿಯ ಬ್ಯಾಗಿನಲ್ಲಿ ಹಾಕಿದೆ. ಮಗುವಿನ ಹೆಸರೆಂಬಲ್ಲಿ ಒಂದು ಗೆರೆ ಮಾತ್ರ ಎಳೆದಿದ್ದೆ. ಭಾವಮೈದುನ ನಮೂನೆಯಲ್ಲಿ ಆ ಗೆರೆಯನ್ನೂ ಸೇರಿಸಿ ಎಲ್ಲವನ್ನೂ ಹಾಗೆಯೇ ಇಳಿಸಿದ.