ನಿಮ್ಮೂರ ರೈಲು ಮಾರ್ಗಕ್ಕೆ ರಾಜ್ಯ ಸರ್ಕಾರ ದುಡ್ಡು ಕೊಟ್ಟಿದೆಯಾ? ಹೀಗೆ ಪತ್ತೆ ಹಚ್ಚಿ

ರೈಲು ಅಂದ್ರೆ ಕೇಂದ್ರದ್ದು, ರಾಜ್ಯಕ್ಕೇನು ಸಂಬಂಧ ಅನ್ನೋರೇ ಜಾಸ್ತಿ. ಸಂವಿಧಾನದ ಪಟ್ಟಿ ನೋಡಿದರೆ ಅದು ಸರಿಯೇ. ಆದರೆ ಕರ್ನಾಟಕದ ಹೊಸ ಮಾರ್ಗಗಳಲ್ಲಿ ಹಲವು ಮಂಜೂರಾಗಿದ್ದೇ ರಾಜ್ಯ ಪಾಲು ಕೊಡುತ್ತದೆ ಎಂಬ ಒಪ್ಪಂದದ ಮೇಲೆ. ಹಾಗಾಗಿ ಕೆಲಸ ನಿಂತಾಗ ಅವರು ಇವರ ಕಡೆ ಕೈ ತೋರಿಸುತ್ತಾರೆ, ಇವರು ಅವರ ಕಡೆ. ಯಾರ ಮಾತು ನಿಜ ಅಂತ ನೋಡೋಕೆ ದಾಖಲೆ ಇದೆ, ಹೆಚ್ಚಿನದು ಮನೆಯಲ್ಲೇ ಕೂತು ಸಿಗುತ್ತದೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ನಮ್ಮಲ್ಲಿ ರಾಜ್ಯದ ದುಡ್ಡು ಹೋಗುವುದು ಹಳಿ ಹಾಕಲು, ಜಮೀನು ಕೊಡಲು. ರೈಲು ಓಡಿಸುವ ನಷ್ಟ ಪೂರ್ತಿ ರೈಲ್ವೆಯದ್ದು. ಪ್ರಯಾಣ ವೆಚ್ಚದ ಶೇ 57ರಷ್ಟು ಮಾತ್ರ ವಸೂಲಾಗುತ್ತಿದೆ ಅಂತ ಟಿಕೆಟ್ ಮೇಲೇ ಅಚ್ಚು ಹಾಕಿದ್ದು ನೀವೂ ನೋಡಿರಬಹುದು. ಅಮೆರಿಕದಲ್ಲಿ ಹೀಗಲ್ಲ. ಅಲ್ಲಿ 2008ರ ಕಾನೂನಿನ ಪ್ರಕಾರ ಆಮ್‌ಟ್ರ್ಯಾಕ್ (ಅಲ್ಲಿನ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆ) ಓಡಿಸುವ, 750 ಮೈಲಿಗಿಂತ ಕಡಿಮೆ ದೂರದ ಹೆಚ್ಚಿನ ರೈಲುಗಳ ಓಡಾಟದ ಖರ್ಚನ್ನೂ ಆಯಾ ರಾಜ್ಯಗಳೇ ಹೊರಬೇಕು. ನಮ್ಮಲ್ಲಿ ಇರುವ ಹಳಿಯ ಮೇಲೆ ಇನ್ನೊಂದು ಪ್ಯಾಸೆಂಜರ್ ಬಿಡಿ ಅಂತ ವಿಧಾನಸೌಧಕ್ಕೆ ಮನವಿ ಕೊಟ್ಟರೆ ಅದು ಸುಮ್ನೆ ಒಂದು ಶಿಫಾರಸು ಪತ್ರ ಆಗುತ್ತದೆ. ಅದಕ್ಕೆ ರೈಲ್ವೆ ವಲಯದ ಬಾಗಿಲು ತಟ್ಟಬೇಕು. ಅದೂ ಎಲ್ಲ ಕಡೆ ಹುಬ್ಬಳ್ಳಿಯ ನೈಋತ್ಯ ರೈಲ್ವೆಯಲ್ಲ. ಕಲಬುರಗಿ ಸೋಲಾಪುರ ವಿಭಾಗಕ್ಕೆ ಸೇರುತ್ತದೆ, ಮಂಗಳೂರು ಸೆಂಟ್ರಲ್ ಪಾಲಕ್ಕಾಡಿಗೆ.

ಹೊಸ ಮಾರ್ಗ ಅಂದರೆ ಮೊದಲ ಪ್ರಶ್ನೆ, ಒಪ್ಪಂದ ಏನು? ಬಾಗಲಕೋಟೆ–ಕುಡಚಿ ತೆಗೆದುಕೊಳ್ಳಿ. 142 ಕಿ.ಮೀ., 2010-11ರಲ್ಲಿ ಸೇರ್ಪಡೆಯಾಯಿತು, ಆಗಿನ ಅಂದಾಜು ₹816 ಕೋಟಿ. ಷರತ್ತು ಎರಡು: ನಿರ್ಮಾಣದ ಅರ್ಧ ಖರ್ಚು ರಾಜ್ಯದ್ದು, ಜೊತೆಗೆ ಜಮೀನು ಪೂರ್ತಿ ಉಚಿತ. ಗದಗ–ವಾಡಿ, ತುಮಕೂರು–ದಾವಣಗೆರೆ ಮಾರ್ಗಗಳೂ ಅರ್ಧರ್ಧ ಲೆಕ್ಕದಲ್ಲೇ ಶುರುವಾದವು. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿಗೂ ರಾಜ್ಯ ಪಾಲು ಹಾಕಿದೆ. ಬೆಂಗಳೂರು ಉಪನಗರ ರೈಲಿನ ಲೆಕ್ಕ ಬೇರೆ: 148 ಕಿ.ಮೀ., ₹15,767 ಕೋಟಿ, ಅದರಲ್ಲಿ ರಾಜ್ಯ ಶೇ 20, ಕೇಂದ್ರ ಶೇ 20, ಉಳಿದ ಶೇ 60 ಸಾಲ. ಕಟ್ಟುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯದ ಪಾಲು ಶೇ 51. ಇದೇನೂ ಹೊಸ ಪದ್ಧತಿ ಅಲ್ಲ, ಕೊಂಕಣ ರೈಲ್ವೆ ಸ್ಥಾಪನೆಯಾದಾಗಲೇ ಶೇ 15 ಬಂಡವಾಳ ಕರ್ನಾಟಕದ್ದಾಗಿತ್ತು.

ನಿಮ್ಮ ಮಾರ್ಗದ ಷರತ್ತು ಎಲ್ಲಿ ಸಿಗುತ್ತದೆ? ಸಂಸತ್ತಿನ ವೆಬ್‌ಸೈಟಿನಲ್ಲಿ. ಕರ್ನಾಟಕದ ಸಂಸದರು ಅಧಿವೇಶನ ಬಂದಾಗಲೆಲ್ಲ ಈ ಯೋಜನೆಗಳ ಬಗ್ಗೆ ಕೇಳುತ್ತಲೇ ಇರುತ್ತಾರೆ, ರೈಲ್ವೆ ಸಚಿವರ ಲಿಖಿತ ಉತ್ತರದಲ್ಲಿ ಉದ್ದ, ಅಂದಾಜು, ಈವರೆಗಿನ ಖರ್ಚು, ಜಮೀನಿನ ಸ್ಥಿತಿ ಬರುವುದುಂಟು. ಊರಿನ ಹೆಸರು ಇಂಗ್ಲಿಷಿನಲ್ಲಿ ಹಾಕಿ ಹುಡುಕಿ, ಹಳೆ ಸ್ಪೆಲ್ಲಿಂಗೂ ಹಾಕಿ. ತೀರ ಇತ್ತೀಚಿನ ಉತ್ತರವನ್ನೇ ನಂಬಿ, ಯಾಕಂದ್ರೆ ಪಾಲಿನ ಷರತ್ತು ನಡುವೆ ಬದಲಾಗಬಹುದು.

ಆಮೇಲೆ ಪಿಂಕ್ ಬುಕ್. ಬಜೆಟ್ ಆದಮೇಲೆ ರೈಲ್ವೆ ಹಾಕುವ ಕಾಮಗಾರಿ ಪಟ್ಟಿ ಅದು, ವಲಯವಾರು ಇರುತ್ತದೆ. ಹೆಸರು ಕಂಡ ಕೂಡಲೇ ಖುಷಿಪಡಬೇಡಿ. ಎದುರಿಗೆ ಬರೀ ಒಂದು ಸಾವಿರ ರೂಪಾಯಿ ಬರೆದಿದ್ದರೆ ಅದು ಕಡತ ಜೀವಂತ ಇಡೋಕೆ ಮಾತ್ರ.

ರಾಜ್ಯದ ಕಡೆ ರೈಲ್ವೆ ವಿಷಯ ನೋಡುವುದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ. ಬಜೆಟ್ ಭಾಷಣ ಬಿಡಿ, ಅಲ್ಲಿ ಎಲ್ಲ ಮಾರ್ಗವೂ ಶೀಘ್ರದಲ್ಲೇ. ಆರ್ಥಿಕ ಇಲಾಖೆಯ ವೆಬ್‌ಸೈಟಿನಲ್ಲಿರುವ ಬಜೆಟ್ ಪುಸ್ತಕ ತೆಗೆದು ಆ ಇಲಾಖೆಯ ಪುಟಕ್ಕೆ ಹೋಗಿ ಮೂರು ಅಂಕಣ ನೋಡಿ: ಈ ವರ್ಷದ ಅಂದಾಜು, ಹೋದ ವರ್ಷದ ಪರಿಷ್ಕೃತ ಅಂದಾಜು, ಅದರ ಹಿಂದಿನ ವರ್ಷದ ಲೆಕ್ಕ. ಮೂರನೆಯದೇ ನಿಜವಾಗಿ ಖರ್ಚಾದ ಹಣ. ಘೋಷಣೆ ದೊಡ್ಡದಿದ್ದು ಲೆಕ್ಕ ಸಣ್ಣದಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಇನ್ನರ್ಧ ಜಮೀನಿನಲ್ಲಿದೆ. ನನ್ನ ಪ್ರಕಾರ ಕೋಟಿಗಿಂತ ಎಕರೆ ಕೇಳಬೇಕು. ದುಡ್ಡು ಇಟ್ಟಿದ್ದೇವೆ ಅಂತ ಹೇಳೋದು ಸುಲಭ, ರೈತರ ಖಾತೆಗೆ ಪರಿಹಾರ ಬೀಳದೆ, ಜಮೀನು ರೈಲ್ವೆ ಕೈಗೆ ಬರದೆ ಹಳಿ ಬೀಳಲ್ಲ. ನಡುವೆ ನಾಲ್ಕು ಕಿ.ಮೀ. ಜಮೀನು ಸಿಗದಿದ್ದರೆ ಆಚೆ ಈಚೆ ಮುಗಿದ ಹಳಿಯೂ ತುಕ್ಕು ಹಿಡಿಯೋದೇ. ತಡವಾದಷ್ಟೂ ಅಂದಾಜು ಏರುತ್ತದೆ, ಏರಿದ ಅಂದಾಜಿನಲ್ಲಿ ಅರ್ಧ ಕೊಡೋಕೆ ರಾಜ್ಯ ಮತ್ತೆ ಒಪ್ಪಬೇಕು, ಆ ಕಡತ ಓಡಾಡುವಷ್ಟರಲ್ಲಿ ಇನ್ನೊಂದಷ್ಟು ದಿನ. ಹಾಗಾಗಿ ಹಂತ ಹಂತವಾಗಿ ಕೇಳಿ: ಒಟ್ಟು ಎಷ್ಟು ಎಕರೆ ಬೇಕು, ಎಷ್ಟಕ್ಕೆ ಅಂತಿಮ ಅಧಿಸೂಚನೆ ಆಗಿದೆ, ಎಷ್ಟಕ್ಕೆ ಐತೀರ್ಪು (ಪರಿಹಾರ ನಿಗದಿ ಮಾಡುವ ಆದೇಶ), ಎಷ್ಟಕ್ಕೆ ಪರಿಹಾರ ಪಾವತಿ, ಎಷ್ಟು ರೈಲ್ವೆಗೆ ಹಸ್ತಾಂತರ. ತಾಲ್ಲೂಕುವಾರು ಕೇಳಿದರೆ ಇನ್ನೂ ಒಳ್ಳೆಯದು. ಈ ಕಡತ ಇರುವುದು ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿಯಲ್ಲಿ.

ಬಾಯಿಮಾತಲ್ಲಿ ಕೇಳಿದರೆ ನಾಳೆ ಬನ್ನಿ ಅಂತಾರೆ, ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ ₹10, 30 ದಿನದೊಳಗೆ ಉತ್ತರ ಬರಬೇಕು. ರಾಜ್ಯದ ಕಚೇರಿಗೆ ಹಾಕುವಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾನು ಮೊದಲ ಸಲ ಹಣ, ಜಮೀನು, ಗುತ್ತಿಗೆ ಎಲ್ಲ ಒಂದೇ ಹಾಳೆಯಲ್ಲಿ ತುರುಕಿ ಕಳಿಸಿದ್ದೆ, ಅದು ಹಾಗೇ ವಾಪಸ್ ಬಂತು. "ಯಾಕೆ ತಡ?" ಅಂತ ಕೇಳಬೇಡಿ, ಕಾರಣ ಬರೆದುಕೊಡುವ ಬಾಧ್ಯತೆ ಅವರಿಗಿಲ್ಲ. ಅಂಕಿ ಕೇಳಿ, ಪತ್ರದ ಪ್ರತಿ ಕೇಳಿ. ತಪ್ಪು ಕಚೇರಿಗೆ ಹೋದರೆ 5 ದಿನದೊಳಗೆ ಸರಿಯಾದ ಕಡೆ ವರ್ಗಾಯಿಸಬೇಕು. ಇದೇ ವಾರ ರೈಲ್ವೆಗೂ ಬೇರೆ ಅರ್ಜಿ ಹಾಕಿ: ರಾಜ್ಯದಿಂದ ಎಷ್ಟು ಹಣ ಬಂದಿದೆ, ಎಷ್ಟು ಬಾಕಿ, ಎಷ್ಟು ಜಮೀನು ಕೈಗೆ ಬಂದಿದೆ. ಎರಡೂ ಉತ್ತರ ಪಕ್ಕಪಕ್ಕ ಇಟ್ಟಾಗ ಅಂಕಿ ತಾಳೆಯಾಗದೆ ಇದ್ದರೆ ಬೇಜಾರಾಗಬೇಡಿ, ನೀವು ಹುಡುಕುತ್ತಿದ್ದದ್ದು ಅದನ್ನೇ.

ಆ ಎರಡು ಹಾಳೆ ಹಿಡಿದು ಸಂಸದರ ಮನೆಗೆ ಓಡುವ ಮೊದಲು ಯಾರ ಕಡೆ ಬಾಕಿ ಇದೆ ಅಂತ ನೋಡಿ. ಜಮೀನು, ರಾಜ್ಯದ ಪಾಲು ಬಾಕಿ ಇದ್ದರೆ ಶಾಸಕರ ಹತ್ತಿರ ಹೋಗಬೇಕು, ಅದೂ ಅಧಿವೇಶನಕ್ಕೆ ಮೂರ್ನಾಲ್ಕು ವಾರ ಮುಂಚೆ. ಪ್ರಶ್ನೆಯನ್ನು ನೀವೇ ಬರೆದುಕೊಂಡು ಹೋಗಿ, ಎಕರೆ ಲೆಕ್ಕದ ಸಮೇತ.